ಮನೆ ಮುಂದಿನ ತೋಟಕ್ಕೆ ಯಾರ್ಯಾರೋ ಕಾಲಿಡುತ್ತಿದ್ದಾರಾ? ಮಾತು, ಬೋರ್ಡು, ಬೇಲಿ, ಲೈಟು, ಕ್ಯಾಮೆರಾ: ಯಾವುದು ಯಾವಾಗ

ಬೆಳಿಗ್ಗೆ ಬಾಗಿಲು ತೆಗೆದೆ. ಹಿಂದಿನ ಸಂಜೆ ನೆಟ್ಟಿದ್ದ ಸೇವಂತಿಗೆ ಸಸಿ ನೆಲಕ್ಕೆ ಒರಗಿತ್ತು, ಬುಡದ ಹತ್ತಿರ ಕಾಂಡ ಸೀಳಿತ್ತು. ಪಕ್ಕದ ಹಸಿ ಮಣ್ಣಿನಲ್ಲಿ ಒಂದು ಚಪ್ಪಲಿ ಗುರುತು. ಹಿಮ್ಮಡಿ ಕಡೆ ಆಳ, ಬೆರಳಿನ ಕಡೆ ಸ್ವಲ್ಪ ಜಾರಿದ ಹಾಗೆ. ಯಾರೋ ಅವಸರದಲ್ಲಿ ದಾಟಿಕೊಂಡು ಹೋಗಿದ್ದಾರೆ. ಏನೂ ಕಳುವಾಗಿರಲಿಲ್ಲ, ಏನೂ ಒಡೆದಿರಲಿಲ್ಲ. ಆದರೂ ಅವತ್ತಿಡೀ ಮನಸ್ಸು ಸರಿಯಿರಲಿಲ್ಲ. ಕೈಯಾರೆ ಗಿಡ ಬೆಳೆಸಿದವರಿಗೆ ಈ ಸಂಕಟ ಗೊತ್ತಿರುತ್ತದೆ.

ನಮ್ಮದು ಮೂಲೆ ಮನೆ. ಎರಡು ರಸ್ತೆ ಸೇರುವ ಕಡೆ ತೋಟ, ಆ ಮೂಲೆಗೆ ಗೋಡೆ ಇರಲಿಲ್ಲ. ಮೂರು ವರ್ಷದಲ್ಲಿ ಇದಕ್ಕೆ ಏನೇನು ಮದ್ದಿದೆಯೋ ಹೆಚ್ಚುಕಡಿಮೆ ಎಲ್ಲಾ ಮಾಡಿ ನೋಡಿದ್ದೇನೆ. ಕೆಲವು ಕೆಲಸ ಮಾಡಿದವು, ಕೆಲವು ಸುಮ್ನೆ ಖರ್ಚು, ಒಂದೆರಡು ಅಪಾಯವೇ ಆಗಿತ್ತು. ನೀವು ಈಗ ಬೇಲಿ ಹಾಕಿಸಲಾ, ಕ್ಯಾಮೆರಾ ಕೂರಿಸಲಾ ಅಂತ ಯೋಚಿಸುತ್ತಿದ್ದರೆ, ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಓದಿ.

ಮೊದಲು ಒಂದು ವಾರ ಸುಮ್ಮನೆ ನೋಡಿ

ಯಾರು, ಯಾವ ಹೊತ್ತಿಗೆ, ಎಲ್ಲಿಂದ ಒಳಗೆ ಬಂದು ಎಲ್ಲಿಂದ ಹೊರಗೆ ಹೋಗುತ್ತಾರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಒಂದು ವಾರ ಸಾಕು. ಇದನ್ನು ಬಿಟ್ಟು ನೇರವಾಗಿ ಅಂಗಡಿಗೆ ಹೋದವರೇ ಜಾಸ್ತಿ ಕಳೆದುಕೊಳ್ಳುವುದು. ಯಾಕೆಂದರೆ ಹತ್ತಿರದ ದಾರಿ ಅಂತ ಅಡ್ಡ ಹಾಯುವವರು ಬೇರೆ, ಹೂ ಕೀಳಲು ಬರುವವರು ಬೇರೆ. ನಾಯಿ ಕರೆದುಕೊಂಡು ಬಂದು ಹುಲ್ಲಿನ ಮೇಲೆ ಬಿಡುವವರು, ಚೆಂಡು ಹುಡುಕಿಕೊಂಡು ಬರುವ ಮಕ್ಕಳು, ಗೋಡೆ ಮೇಲೆ ಕೂತು ಅರ್ಧ ಗಂಟೆ ಫೋನಿನಲ್ಲಿ ಮಾತಾಡುವವರು, ಇವರೆಲ್ಲ ಒಂದೊಂದು ಥರ. ರಾತ್ರಿ ಕತ್ತಲಲ್ಲಿ ಕಿಟಕಿ ಹತ್ತಿರ ಸುಳಿದಾಡುವವರಂತೂ ಪೂರ್ತಿ ಬೇರೆಯೇ ವಿಷಯ. ಒಬ್ಬರಿಗೆ ನಾಟುವ ಉಪಾಯ ಇನ್ನೊಬ್ಬರಿಗೆ ಲೆಕ್ಕಕ್ಕೇ ಇಲ್ಲ.

ನಮ್ಮ ಚೀಟಿ ನೋಡಿದಾಗ ನನಗೇ ಆಶ್ಚರ್ಯ ಆಯಿತು. ಬಂದವರಲ್ಲಿ ಬಹುಪಾಲು ಜನ ಬೆಳಿಗ್ಗೆ ಒಂದೇ ಗಂಟೆಯೊಳಗೆ, ಒಂದೇ ಗೆರೆ ಹಿಡಿದು, ಒಂದೇ ದಿಕ್ಕಿಗೆ ಹೋಗುತ್ತಿದ್ದರು. ಯಾರೂ ನಮ್ಮ ಮನೆ ಕಡೆ ತಿರುಗಿ ಸಹ ನೋಡುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಕ್ಯಾಮೆರಾ ತರುವ ಯೋಚನೆಯಲ್ಲಿದ್ದೆ!

ಇನ್ನೊಂದು ಮಾತು. ಬಾಗಿಲಿಗೆ ಬರುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಪಾರ್ಸೆಲ್ ತರುವವರು, ಅಂಚೆಯವರು, ವಿಳಾಸ ಕೇಳುವವರು ಗೇಟಿನಿಂದ ಬಾಗಿಲವರೆಗೆ ಇರುವ ದಾರಿಯಲ್ಲಿ ಬಂದರೆ ಅದು ಅತಿಕ್ರಮಣ ಅಲ್ಲ. ಬೇಡ ಅಂತ ಹೇಳುವ ತನಕ ಹಾಗೆ ಬಂದು ಬಾಗಿಲು ತಟ್ಟಲು ಅನುಮತಿ ಇದೆ ಅಂತಲೇ ಎಷ್ಟೋ ದೇಶಗಳ ಕಾನೂನು ಎಣಿಸುತ್ತದೆ. ಅವರು ದಾರಿ ಬಿಟ್ಟು ಹೂವಿನ ಮಡಿ ತುಳಿಯುತ್ತಿದ್ದರೆ, ಬಹುಶಃ ನಿಮ್ಮ ದಾರಿಯೇ ಸುತ್ತಿ ಬಳಸಿ ಇದೆ. ಅದನ್ನು ನೇರ ಮಾಡಿ. ಬೇರೆ ಏನೂ ಬೇಕಾಗುವುದಿಲ್ಲ.

ಮಾತಾ, ಬೋರ್ಡಾ?

ದಿನಾ ಬರುವ ಒಬ್ಬಿಬ್ಬರಾದರೆ ಮಾತೇ ಸರಿ. ದಿನಕ್ಕೆ ಹತ್ತಾರು ಜನ, ದಿನಾ ಬೇರೆ ಬೇರೆ ಮುಖ ಆದರೆ ಬೋರ್ಡು. ಇದರಲ್ಲಿ ನನಗೆ ಅನುಮಾನ ಇಲ್ಲ.

ಮಾತಾಡುವುದಕ್ಕೂ ಒಂದು ಹೊತ್ತು ಇದೆ. ಅವರು ಒಳಗೆ ಕಾಲಿಟ್ಟ ಕ್ಷಣ ಕಿಟಕಿಯಿಂದ ಕೂಗಿದರೆ ಅವರಿಗೂ ಅವಮಾನ, ನಿಮಗೂ ರೋಷ. ನಾನು ಮೊದಲ ಸಲ ಹಾಗೇ ಮಾಡಿದ್ದೆ. ಆ ಹುಡುಗ ಮಾರನೇ ದಿನದಿಂದ ಬೇಕಂತಲೇ ಅದೇ ದಾರಿ ಹಿಡಿದ. ಆಮೇಲೆ ಒಂದು ದಿನ ನಾನು ಪಾತಿಗೆ ನೀರು ಹಾಕುವ ಹೊತ್ತಿಗೇ ಅವನು ಬಂದ. ‘ಏನಪ್ಪಾ, ಒಂದು ನಿಮಿಷ. ಇಲ್ಲಿ ನೋಡು, ಬೀಜ ಹಾಕಿದ್ದೀನಿ, ಈಗ ತಾನೇ ಮೊಳಕೆ ಬಂದಿದೆ’ ಅಂದೆ. ಅವನು ಬಗ್ಗಿ ನೋಡಿದ. ‘ಗೊತ್ತಿರಲಿಲ್ಲ ಆಂಟಿ, ಬರೀ ಮಣ್ಣು ಅಂದ್ಕೊಂಡಿದ್ದೆ’ ಅಂದ. ಅಷ್ಟೇ. ಮತ್ತೆ ಅವನು ಆ ಕಡೆ ಕಾಲಿಡಲಿಲ್ಲ, ಜೊತೆಗೆ ಬರುವ ಇಬ್ಬರನ್ನೂ ತಡೆಯುತ್ತಿದ್ದ. ನಮ್ಮ ಕಣ್ಣಿಗೆ ತೋಟ, ದಾರಿಹೋಕರ ಕಣ್ಣಿಗೆ ಖಾಲಿ ನೆಲ. ಈ ವ್ಯತ್ಯಾಸ ನನಗೆ ಅವತ್ತು ಅರ್ಥವಾಯಿತು.

ಬೋರ್ಡಿನ ವಿಷಯದಲ್ಲಿ ಎರಡು ಥರ ಇದೆ. ‘ಅತಿಕ್ರಮಣ ಶಿಕ್ಷಾರ್ಹ’ ಅನ್ನುವ ಥರದ್ದು, ಮತ್ತೆ ‘ಸಸಿ ನೆಟ್ಟಿದೆ, ದಯವಿಟ್ಟು ಪಕ್ಕದ ದಾರಿಯಲ್ಲಿ ನಡೆಯಿರಿ’ ಅನ್ನುವ ಥರದ್ದು. ಅಡ್ಡ ಹಾಯುವವರಿಗೆ ಎರಡನೆಯದೇ ನಾಟುತ್ತದೆ, ಯಾಕೆಂದರೆ ಅದರಲ್ಲಿ ಕಾರಣವೂ ಇದೆ, ಬದಲಿ ದಾರಿಯೂ ಇದೆ. ಮೊದಲನೆಯದು ಬೇರೆ ಕೆಲಸಕ್ಕೆ ಬರುತ್ತದೆ: ಮುಂದೆ ದೂರು ಕೊಡಬೇಕಾಗಿ ಬಂದರೆ, ‘ಗೊತ್ತಿರಲಿಲ್ಲ’ ಅಂತ ಹೇಳುವ ಅವಕಾಶ ಅವರಿಗೆ ಇರುವುದಿಲ್ಲ. ಅಕ್ಷರ ದೊಡ್ಡದಿರಲಿ. 3 ಮೀಟರ್ ದೂರದಿಂದ ಸುಲಭವಾಗಿ ಓದಬೇಕಾದರೆ ಅಕ್ಷರ ಸುಮಾರು 2.5 ಸೆಂ.ಮೀ. ಎತ್ತರ ಬೇಕು. ಕಂಪ್ಯೂಟರ್‌ನಲ್ಲಿ ಪ್ರಿಂಟ್ ತೆಗೆದು ಅಂಟಿಸಿದ ಹಾಳೆಯನ್ನು ಯಾರೂ ಓದುವುದಿಲ್ಲ, ಮಳೆಗೆ ಅದು ಎರಡು ದಿನವೂ ಉಳಿಯುವುದಿಲ್ಲ.

ಅಡ್ಡದಾರಿಗೆ ಮದ್ದು: ಗಿಡ್ಡ ತಡೆ

ಮೂಲೆ ತೋಟದವರ ದೊಡ್ಡ ತಲೆನೋವು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಕಡೆ 4 ಮೀಟರ್, ಇನ್ನೊಂದು ಕಡೆ 3 ಮೀಟರ್ ಇರುವ ಮೂಲೆ ಅಂದುಕೊಳ್ಳಿ. ಸುತ್ತಿ ಹೋದರೆ 7 ಮೀಟರ್, ಅಡ್ಡ ಹಾಯ್ದರೆ 5. ಉಳಿಯುವುದು ಬರೀ 2 ಮೀಟರ್, ಮೂರು ಹೆಜ್ಜೆ. ಅಷ್ಟಕ್ಕೇ ಜನ ಅಡ್ಡ ಹೋಗುತ್ತಾರೆ. ಅದರ ಹಿಂದೆ ಕೆಟ್ಟ ಬುದ್ಧಿ ಏನೂ ಇರುವುದಿಲ್ಲ, ಕಾಲು ತಾನಾಗೇ ಹತ್ತಿರದ ದಾರಿ ಹಿಡಿಯುತ್ತದೆ.

ಆದರೆ ಮಣ್ಣಿಗೆ ಆಗುವ ಪೆಟ್ಟು ದೊಡ್ಡದು. ಒಳ್ಳೆ ತೋಟದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಗಾಳಿ ಮತ್ತು ನೀರಿನದು. ತುಳಿದು ತುಳಿದು ಆ ಸಂದುಗಳು ಮುಚ್ಚಿಹೋಗುತ್ತವೆ. ಬೇರಿಗೆ ಉಸಿರಿಲ್ಲ, ಹಾಕಿದ ನೀರು ಒಳಗೆ ಇಳಿಯದೆ ಹರಿದುಹೋಗುತ್ತದೆ. ಹುಲ್ಲು ಸಾಯುತ್ತದೆ, ನೆಲ ಬೋಳಾಗುತ್ತದೆ. ಬೋಳಾದ ಗೆರೆ ನೋಡಿದರೆ ಹೊಸಬರಿಗೂ ಅದು ದಾರಿಯ ಥರವೇ ಕಾಣುತ್ತದೆ. ಹಾಗಾಗಿ ಮೊದಲ ಗೆರೆ ಮೂಡಿದಾಗಲೇ ತಡೆಯಬೇಕು.

ನಾನು ಮೊದಲು ಗುಂಡುಕಲ್ಲು ಜೋಡಿಸಿದೆ. ಜನ ಕಲ್ಲಿನ ಮೇಲೇ ಕಾಲಿಟ್ಟು ದಾಟಿದರು. ಆಮೇಲೆ ಎರಡು ಗೂಟ ನೆಟ್ಟು ಹಗ್ಗ ಕಟ್ಟಿದೆ. ಮೂರನೇ ಸಂಜೆ ಮಬ್ಬುಗತ್ತಲಲ್ಲಿ ಒಬ್ಬ ಅಜ್ಜಿ ಅದಕ್ಕೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದರು. ಪುಣ್ಯಕ್ಕೆ ಬೀಳಲಿಲ್ಲ. ಅವತ್ತೇ ಬಿಚ್ಚಿ ಹಾಕಿದೆ. ಮೊಣಕಾಲಿಗಿಂತ ಕೆಳಗಿರುವ, ಕಣ್ಣಿಗೆ ಸರಿಯಾಗಿ ಕಾಣದ ಯಾವ ತಡೆಯನ್ನೂ ದಯವಿಟ್ಟು ಹಾಕಬೇಡಿ.

ಕೊನೆಗೆ ಕೆಲಸ ಮಾಡಿದ್ದು ಇದು: ಮೂಲೆಗೆ ಅಡ್ಡಲಾಗಿ ಸುಮಾರು 75 ಸೆಂ.ಮೀ. ಎತ್ತರದ ಮರದ ಕಂಬಿ, ಬಿಳಿ ಬಣ್ಣ ಹೊಡೆದದ್ದು. ಜೊತೆಗೆ ತೋಟದ ಅಂಚಿಗೆ, ರಸ್ತೆ ಪಕ್ಕದಲ್ಲೇ, ನಡೆಯಲು ಐದಾರು ಚಪ್ಪಟೆ ಕಲ್ಲು. ಮನಸ್ಸು ಮಾಡಿದರೆ ಯಾರು ಬೇಕಾದರೂ ಆ ಕಂಬಿ ದಾಟಬಹುದು. ಆದರೆ ಯಾರೂ ದಾಟುವುದಿಲ್ಲ. 1972ರಲ್ಲೇ ಆಸ್ಕರ್ ನ್ಯೂಮನ್ ಎಂಬ ವಾಸ್ತುಶಿಲ್ಪಿ ಇದನ್ನು ಬಿಡಿಸಿ ಹೇಳಿದ್ದರು. ಗೋಡೆ, ಬೀಗದಂಥ ನಿಜವಾದ ತಡೆ ಒಂದು; ಗಿಡ್ಡ ಬೇಲಿ, ಮೆಟ್ಟಿಲು, ನೆಲದ ಬಣ್ಣ ಬದಲಾಗುವುದು ಇಂಥ ಸೂಚನೆಯ ತಡೆ ಇನ್ನೊಂದು. ಸೂಚನೆಯ ತಡೆ ಯಾರನ್ನೂ ಕಟ್ಟಿ ಹಾಕುವುದಿಲ್ಲ, ಇಲ್ಲಿಂದ ಮುಂದೆ ಒಬ್ಬರ ಜಾಗ ಅಂತ ಮಾತ್ರ ಹೇಳುತ್ತದೆ. ಸಾಮಾನ್ಯ ಜನಕ್ಕೆ ಅಷ್ಟು ಸಾಕು.

ಕಂಬಿ ಬೇಲಿಯೋ, ಗಿಡದ ಬೇಲಿಯೋ?

ಕಂಬಿ ಅಥವಾ ಮರದ ಬೇಲಿ ಹಾಕಿದ ದಿನದಿಂದಲೇ ಕೆಲಸ ಮಾಡುತ್ತದೆ. ಗಿಡದ ಬೇಲಿ ದಟ್ಟವಾಗಲು ಎರಡು ಮೂರು ವರ್ಷ ಬೇಕು, ವರ್ಷಕ್ಕೆ ಎರಡು ಸಲವಾದರೂ ಕತ್ತರಿಸಬೇಕು. ಆದರೂ ಜಾಗ ಇದ್ದರೆ ನಾನು ಗಿಡದ ಬೇಲಿಯನ್ನೇ ಹೇಳುತ್ತೇನೆ. ಧೂಳು ತಡೆಯುತ್ತದೆ, ಹಕ್ಕಿ ಬರುತ್ತದೆ, ನೋಡಿದವರಿಗೆ ‘ಹೊರಗೇ ಇರಿ’ ಅಂತ ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲ. ಸಸಿಗಳ ನಡುವೆ 30ರಿಂದ 45 ಸೆಂ.ಮೀ. ಬಿಡಿ. ಬೆಳೆಯುವ ತನಕ ಮುಂದೆ ತಾತ್ಕಾಲಿಕ ಕಂಬಿ ಇರಲಿ, ಇಲ್ಲದಿದ್ದರೆ ಸಂದಿನಲ್ಲಿ ಜನ ನುಸುಳುತ್ತಾರೆ, ಒಂದು ಕಡೆ ಸಂದಿ ಬಿತ್ತು ಅಂದರೆ ಅಲ್ಲಿ ಗಿಡ ಮತ್ತೆ ಮೇಲೇಳುವುದು ಕಷ್ಟ.

ಮುಳ್ಳಿನ ಗಿಡ ಬೇಕೇ? ಕಿಟಕಿ ಕೆಳಗೆ, ಗೋಡೆ ಬುಡದಲ್ಲಿ ಬೋಗನ್‌ವಿಲ್ಲಾ ಅಥವಾ ಪೊದೆ ಗುಲಾಬಿ ಹಾಕಿದರೆ ಅಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಮಕ್ಕಳು ಓಡಾಡುವ ಕಾಲುದಾರಿಗೆ ತಾಗಿಕೊಂಡು ಮುಳ್ಳು ಬೇಡ, ಕಣ್ಣಿನ ಮಟ್ಟಕ್ಕೆ ಬರುವ ರೆಂಬೆಯಂತೂ ಬೇಡವೇ ಬೇಡ. ಕಣಗಿಲೆ ಬೇಲಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಡುರಾಂಟದ ಹಳದಿ ಹಣ್ಣೂ ವಿಷವೇ. ಚಿಕ್ಕ ಮಕ್ಕಳು, ಸಾಕುಪ್ರಾಣಿ ಇರುವ ಕಡೆ ಎರಡನ್ನೂ ಬಿಡುವುದು ಒಳ್ಳೆಯದು.

ಎತ್ತರದ ಗೋಡೆ ಬಗ್ಗೆ ಒಂದು ಎಚ್ಚರಿಕೆ. ಆಳೆತ್ತರದ ಗಟ್ಟಿ ಗೋಡೆ ಕಟ್ಟಿದರೆ ಹಗಲು ಹೊತ್ತು ಅಡ್ಡ ಹಾಯುವವರು ನಿಲ್ಲುತ್ತಾರೆ. ಆದರೆ ಒಮ್ಮೆ ಒಳಗೆ ಹಾರಿದವನು ರಸ್ತೆಗೆ ಕಾಣುವುದೇ ಇಲ್ಲ, ಅಲ್ವಾ? ಅವನಿಗೆ ಅದು ಮರೆಯಾಗುತ್ತದೆ. ಅದಕ್ಕೇ ಮುಂದಿನ ತೋಟದಲ್ಲಿ ಪೊದೆಗಳ ಎತ್ತರವನ್ನು 90 ಸೆಂ.ಮೀ. ಒಳಗೆ ಇಟ್ಟು, ಮರದ ಕೊಂಬೆಗಳನ್ನು 2 ಮೀಟರ್‌ವರೆಗೆ ಸವರಿ, ನಡುವೆ ನೋಟ ಹರಿಯುವ ಹಾಗೆ ಬಿಡುವುದು ಒಳ್ಳೆ ಅಳತೆ. ಮೂಲೆ ಮನೆಯಾದರೆ ಇನ್ನೊಂದು ಕಾರಣವೂ ಇದೆ: ತಿರುವಿನಲ್ಲಿ ಬರುವ ಗಾಡಿಯವರಿಗೆ ಎದುರಿನವರು ಕಾಣಬೇಕು. ಬೇಲಿಯ ಎತ್ತರಕ್ಕೆ ಸ್ಥಳೀಯ ಆಡಳಿತದ ಮಿತಿ ಇರುತ್ತದೆ, ಕಟ್ಟುವ ಮುಂಚೆ ಕೇಳಿಕೊಳ್ಳಿ.

ಗೇಟು? ಹಾಕಿಸಿ, ಆದರೆ ತಾನಾಗೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇರುವಂಥದ್ದು. ಅರ್ಧ ತೆರೆದು ನಿಂತ ಗೇಟು ಇದ್ದೂ ಇಲ್ಲದ ಹಾಗೆ.

ಲೈಟಾ, ಕ್ಯಾಮೆರಾನಾ?

ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ತರಬಹುದು ಅಂದರೆ ನಾನು ಲೈಟು ತರುತ್ತೇನೆ. ಲೈಟು ಆಗುವುದನ್ನು ತಡೆಯುತ್ತದೆ, ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ. ಮುರಿದ ಗಿಡದ ವಿಡಿಯೋ ಇಟ್ಟುಕೊಂಡು ನಾನೇನು ಮಾಡಲಿ?

ರಾತ್ರಿ ಹೊತ್ತು ನಮ್ಮ ಗೋಡೆ ಮೇಲೆ ಒಬ್ಬರು ಬಂದು ಕೂರುತ್ತಿದ್ದರು. ಜೋರಾಗಿ ಫೋನಿನಲ್ಲಿ ಮಾತು, ಎದ್ದು ಹೋದ ಮೇಲೆ ಪಾತಿ ತುಂಬ ಸಿಗರೇಟು ತುಂಡು. ಸೆನ್ಸರ್ ಲೈಟು ಹಾಕಿದ ಮೊದಲ ರಾತ್ರಿ ಅವರು ಕೂತ ಕೂಡಲೇ ಬೆಳಕು ಬಿತ್ತು. ಎದ್ದು ನಿಂತರು, ಸುತ್ತ ನೋಡಿದರು, ಹೊರಟರು. ನಾವು ಒಂದು ಮಾತೂ ಆಡಬೇಕಾಗಲಿಲ್ಲ.

ಇದನ್ನು ಕೂರಿಸುವುದರಲ್ಲಿ ಒಂದು ಗುಟ್ಟಿದೆ. ಈ ಸೆನ್ಸರ್ ಬೆಳಕನ್ನಾಗಲಿ ಶಬ್ದವನ್ನಾಗಲಿ ನೋಡುವುದಿಲ್ಲ. ಮೈಯಿಂದ ಹೊರಡುವ ಶಾಖ ಜಾಗ ಬದಲಿಸಿದಾಗ ಅದಕ್ಕೆ ಗೊತ್ತಾಗುತ್ತದೆ. ತನ್ನ ಕಡೆಗೇ ನೇರ ನಡೆದು ಬರುವವರಿಗಿಂತ, ಎದುರಲ್ಲಿ ಎಡದಿಂದ ಬಲಕ್ಕೆ ಹಾಯುವವರನ್ನು ಬೇಗ ಹಿಡಿಯುತ್ತದೆ. ಹಾಗಾಗಿ ಜನ ಬರುವ ದಾರಿಗೆ ಅಡ್ಡಲಾಗಿ ನೋಡುವಂತೆ, ನೆಲದಿಂದ 2ರಿಂದ 2.5 ಮೀಟರ್ ಎತ್ತರದಲ್ಲಿ ಹಾಕಿ. ಕಾಲುದಾರಿಯಲ್ಲಿ ಸುಮ್ಮನೆ ಹೋಗುವ ಪ್ರತಿಯೊಬ್ಬರಿಗೂ ಹತ್ತಿಕೊಳ್ಳುವ ಹಾಗೆ ಇದ್ದರೆ ವಾರದಲ್ಲಿ ನೀವೇ ಬೇಸತ್ತು ಆರಿಸಿಬಿಡುತ್ತೀರಿ, ಅದಕ್ಕೆ ಅದರ ನೋಟವನ್ನು ತೋಟದ ಗಡಿಯೊಳಗೆ ಕಟ್ಟಿಹಾಕಿ. ಬೆಳಕು ಕೆಳಗೆ ಬೀಳಲಿ. ಕಣ್ಣು ಕುಕ್ಕುವ ಫ್ಲಡ್‌ಲೈಟು ಇಟ್ಟರೆ ಅದರ ಆಚೆಗಿನ ಕತ್ತಲು ಇನ್ನೂ ದಟ್ಟವಾಗುತ್ತದೆ, ಎದುರು ಮನೆಯವರ ನಿದ್ದೆಯೂ ಹೋಗುತ್ತದೆ.

ಕ್ಯಾಮೆರಾ ಬೇಕಾಗುವುದು ಯಾವಾಗ? ಕುಂಡ ಕಳುವಾಗುತ್ತಿದ್ದರೆ, ಬೇಕಂತಲೇ ಗಿಡ ಮುರಿಯುತ್ತಿದ್ದರೆ, ಯಾರೋ ಒಬ್ಬರೇ ಪದೇ ಪದೇ ಬಂದು ಹೆದರಿಸುತ್ತಿದ್ದರೆ. ಆಗ ಸಾಕ್ಷಿ ಬೇಕು. ಸೂರಿನ ಎತ್ತರಕ್ಕೆ ಹಾಕಿದರೆ ಟೋಪಿ, ತಲೆ ಮಾತ್ರ ಕಾಣುತ್ತದೆ. ಗೇಟಿನ ಹತ್ತಿರ ತಲೆಗಿಂತ ಸ್ವಲ್ಪ ಮೇಲೆ ಇದ್ದರೆ ಮುಖ ಸಿಗುತ್ತದೆ. ರಾತ್ರಿ ಹೊತ್ತು ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ ಬೆಳಕಿನಲ್ಲಿ, ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ, ನೋಡುತ್ತದೆ. ಮುಂದೆಯೇ ಒಂದು ಎಲೆ ತೂಗುತ್ತಿದ್ದರೂ ಆ ಬೆಳಕು ಅದಕ್ಕೆ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಕಿಟಕಿ ಗಾಜಿನ ಹಿಂದಿನಿಂದ ಇಟ್ಟರೂ ಹಾಗೇ. ಮತ್ತೆ, ಪಕ್ಕದವರ ಕಿಟಕಿ, ಅವರ ಅಂಗಳ ಅದರಲ್ಲಿ ಬೀಳಬಾರದು. ಎಷ್ಟೋ ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ. ನಮ್ಮ ಜಾಗಕ್ಕೆ ಬೇರೆಯವರು ಕಾಲಿಡಬಾರದು ಅನ್ನುವ ನಾವು ಬೇರೆಯವರ ಮನೆಯೊಳಗೆ ಕಣ್ಣಿಡುವುದು ಸರಿಯಲ್ಲ.

ಜಲ್ಲಿ ಹಾಸುವುದು ಇವೆರಡರ ನಡುವಿನ ಉಪಾಯ. ಕಿಟಕಿಯ ಕೆಳಗೆ 4-5 ಸೆಂ.ಮೀ. ದಪ್ಪಕ್ಕೆ ಚೂಪು ಅಂಚಿನ ಜಲ್ಲಿ ಹಾಕಿದರೆ ಪ್ರತಿ ಹೆಜ್ಜೆಗೂ ಕರಕರ ಅನ್ನುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ.

ನಾಯಿ, ಮಕ್ಕಳು, ಹೂ ಕೀಳುವವರು

ನಾಯಿಗೆ ಶಾಖದ ಸೆನ್ಸರ್ ಇರುವ ಸ್ಪ್ರಿಂಕ್ಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತಿರ ಬಂದರೆ ಒಂದು ಸಲ ಚುರ್ರನೆ ನೀರು ಚಿಮ್ಮಿಸುತ್ತದೆ. ಪಾರ್ಸೆಲ್ ತರುವವರಿಗೂ ಚಿಮ್ಮಿಸುತ್ತದೆ, ಆದ್ದರಿಂದ ಬಾಗಿಲ ದಾರಿಯಿಂದ ದೂರ ಇಡಿ. ನುಸಿಗುಳಿಗೆ, ಮೆಣಸಿನಪುಡಿ ಎರಚುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ನುಸಿಗುಳಿಗೆ ಪ್ರಾಣಿಗೂ ಮಕ್ಕಳಿಗೂ ವಿಷ, ಮೆಣಸಿನಪುಡಿ ಆ ಮೂಕಪ್ರಾಣಿಯ ಕಣ್ಣು ಮೂಗು ಸುಡುತ್ತದೆ. ತಪ್ಪು ನಾಯಿಯದಲ್ಲ, ಹಗ್ಗ ಹಿಡಿದವರದು. ಮಾತಾಡುವುದಿದ್ದರೆ ಅವರ ಹತ್ತಿರ. ಹುಲ್ಲಿನ ಮೇಲೆ ಮೂತ್ರ ಬಿದ್ದ ಕೂಡಲೇ ಒಂದು ಬಕೆಟ್ ನೀರು ಸುರಿದರೆ ಹುಲ್ಲು ಸುಡುವುದಿಲ್ಲ.

ಮಕ್ಕಳ ಚೆಂಡಿಗೆ ಒಂದು ನಿಯಮ ಮಾಡಿಕೊಳ್ಳಿ: ‘ಬೆಲ್ ಮಾಡಿ, ನಾನೇ ಎತ್ತಿ ಕೊಡುತ್ತೇನೆ.’ ಹೇಳಿದ ಮೇಲೆ ನಿಜಕ್ಕೂ ಎದ್ದು ಹೋಗಿ ಎತ್ತಿ ಕೊಡಬೇಕು. ಎರಡು ಸಲ ತಡಮಾಡಿದರೆ ಮೂರನೇ ಸಲ ಅವರೇ ಒಳಗೆ ಬರುತ್ತಾರೆ.

ಹೂವು, ಹಣ್ಣು ಬೇಲಿಯಿಂದ ಕೈಗೆ ಸಿಗುವ ದೂರದಲ್ಲಿ ಇರಬಾರದು. ಅಂಚಿಗೆ ಬರೀ ಎಲೆಯ ಗಿಡ, ಹೂವಿನದು ಬೇಲಿಯಿಂದ ಒಂದು ಮೀಟರ್ ಒಳಕ್ಕೆ. ಇದಕ್ಕಿಂತ ದೊಡ್ಡ ಉಪಾಯ ನಾನು ಕಂಡಿಲ್ಲ.

ಮಾಡಲೇಬಾರದ್ದು

ಗೋಡೆ ಮೇಲೆ ಗಾಜಿನ ಚೂರು, ಮಣ್ಣಲ್ಲಿ ಮೊಳೆ, ಬೇಲಿಗೆ ಮನೆಯ ಕರೆಂಟು. ಕೋಪ ಬಂದಾಗ ಈ ಯೋಚನೆ ಬರುತ್ತದೆ, ನನಗೂ ಬಂದಿತ್ತು. ಅಮೆರಿಕದ ಅಯೋವಾದಲ್ಲಿ ನಡೆದ ಒಂದು ಪ್ರಕರಣ ಕೇಳಿ. ಖಾಲಿ ಬಿದ್ದಿದ್ದ ತಮ್ಮ ಹಳೇ ಮನೆಗೆ ಪದೇ ಪದೇ ಜನ ನುಗ್ಗುತ್ತಾರೆ ಅಂತ ಮಾಲೀಕರು ಒಳಗಿನ ಕೋಣೆಯ ಬಾಗಿಲು ತೆರೆದರೆ ಹಾರುವ ಹಾಗೆ ಬಂದೂಕು ಕಟ್ಟಿಟ್ಟಿದ್ದರು. 1967ರಲ್ಲಿ ಹಳೇ ಬಾಟಲಿ, ಜಾಡಿ ಎತ್ತಿಕೊಳ್ಳಲು ನುಗ್ಗಿದವನ ಕಾಲಿಗೆ ಗುಂಡು ಬಿತ್ತು. ಅವನು ಕದಿಯಲು ಬಂದಿದ್ದು ನಿಜ. ಆದರೂ 1971ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಮಾಲೀಕರು ಅವನಿಗೆ 30,000 ಡಾಲರ್ ಕೊಡಬೇಕು ಅನ್ನುವ ತೀರ್ಪನ್ನು ಎತ್ತಿಹಿಡಿಯಿತು. ಆಸ್ತಿ ಕಾಯಲು ಮನುಷ್ಯನ ಮೈಗೆ ಬಲೆ ಒಡ್ಡುವಂತಿಲ್ಲ. ಕೋರ್ಟನ್ನು ಬಿಡಿ, ನಾನಿಟ್ಟ ಮೊಳೆ ಚೆಂಡು ಹುಡುಕಿ ಬಂದ ಮಗುವಿನ ಪಾದಕ್ಕೆ ಹೊಕ್ಕರೆ ಆಮೇಲೆ ಆ ತೋಟವನ್ನು ನೋಡುವುದಾದರೂ ಹೇಗೆ?

ರಾತ್ರಿ ಯಾರೋ ಒಳಗೆ ಸುಳಿದಾಡುತ್ತಿದ್ದರೆ ಟಾರ್ಚು ಹಿಡಿದು ಹೊರಗೆ ಹೋಗಬೇಡಿ. ಒಳಗಿನಿಂದಲೇ ಲೈಟು ಹಾಕಿ, ಬಾಗಿಲು ಭದ್ರ ಮಾಡಿ, ಪೊಲೀಸರಿಗೆ ಫೋನ್ ಮಾಡಿ. ದಿನ, ಹೊತ್ತು, ಬಟ್ಟೆಯ ಬಣ್ಣ, ಯಾವ ಕಡೆ ಹೋದರು, ಇದನ್ನು ಆಗಲೇ ಬರೆದಿಡಿ. ಸುಮ್ಮನೆ ಕಾಲಿಡುವುದು ಕೆಲವು ದೇಶಗಳಲ್ಲಿ ಸಿವಿಲ್ ವಿಷಯ ಮಾತ್ರ, ಕೆಲವು ಕಡೆ ಉದ್ದೇಶ ನೋಡಿ ಅಪರಾಧ ಆಗುತ್ತದೆ. ಬರೆದಿಟ್ಟದ್ದು ಎರಡಕ್ಕೂ ಬೇಕು.

ಕಾನೂನಿನ ಇನ್ನೊಂದು ಮಗ್ಗುಲೂ ಇದೆ. ‘ಹೋಗಲಿ ಬಿಡು’ ಅಂತ ವರ್ಷಗಟ್ಟಲೆ ಬಿಟ್ಟರೆ ಆ ದಾರಿಯ ಮೇಲೆ ಬೇರೆಯವರಿಗೆ ಹಕ್ಕು ಹುಟ್ಟಬಹುದು. ಭಾರತದಲ್ಲೂ ಇಂಗ್ಲೆಂಡಿನಲ್ಲೂ ಅನುಮತಿ ಇಲ್ಲದೆ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಬಳಸಿದ ದಾರಿಗೆ ಇಂಥ ಹಕ್ಕು ಕೇಳುವ ಅವಕಾಶ ಇದೆ. ಪಕ್ಕದ ಮನೆಯವರು ನಿಮ್ಮ ತೋಟದ ಅಂಚಿನಲ್ಲೇ ಓಡಾಡುತ್ತಿದ್ದು, ಅದಕ್ಕೆ ನಿಮ್ಮ ತಕರಾರು ಇಲ್ಲದಿದ್ದರೆ, ‘ನಮ್ಮ ಒಪ್ಪಿಗೆಯಿಂದ ಬಳಸುತ್ತಿದ್ದೀರಿ’ ಅಂತ ಒಂದು ಕಾಗದದಲ್ಲಿ ಬರೆದು ಕೊಡಿ. ಅನುಮತಿ ಕೊಟ್ಟ ದಾರಿ ಹಕ್ಕಾಗಿ ಬೆಳೆಯುವುದಿಲ್ಲ, ಸಂಬಂಧವೂ ಕೆಡುವುದಿಲ್ಲ.

ದಾರಿ ಮುಚ್ಚಿದ ಮೇಲೆ

ತಡೆ ಹಾಕಿದ ಕೂಡಲೇ ಕೆಲಸ ಮುಗಿಯಲಿಲ್ಲ. ಆ ಬೋಳು ಗೆರೆ ಇರುವ ತನಕ ಜನರ ಕಾಲು ಅದನ್ನೇ ಹುಡುಕುತ್ತದೆ. ಮಣ್ಣು ಹಸಿಯಾಗಿದ್ದಾಗ ಅಲ್ಲ, ಸ್ವಲ್ಪ ಆರಿದಾಗ ಒಂದು 15-20 ಸೆಂ.ಮೀ. ಆಳಕ್ಕೆ ಹಾರೆಯಿಂದ ಸಡಿಲ ಮಾಡಿ, ಕಾಂಪೋಸ್ಟ್ ಬೆರೆಸಿ, ಬೇಗ ನೆಲ ಮುಚ್ಚುವ ಗಿಡ ಹಾಕಿ. ನಮ್ಮ ಗೆರೆ ಸಡಿಲ ಮಾಡುವಾಗ ಹಾರೆ ಮೊದಲು ಕಲ್ಲಿಗೆ ಬಡಿದ ಹಾಗೆ ಠಣ್ಣೆಂದಿತ್ತು, ಅಷ್ಟು ಗಟ್ಟಿಯಾಗಿತ್ತು ಮಣ್ಣು. ಒಂದು ಮಳೆಗಾಲ ಕಳೆದ ಮೇಲೆ ಅಲ್ಲೇ ಬೆರಳು ಹಾಕಿ ನೋಡಿದೆ. ಎರಡನೇ ಗೆಣ್ಣಿನವರೆಗೆ ಇಳಿಯಿತು, ಒಂದು ಎರೆಹುಳ ಪಕ್ಕಕ್ಕೆ ಸರಿಯಿತು. ಈಗ ಅಲ್ಲಿ ಸೇವಂತಿಗೆ ಇದೆ.